ಕಂಟಿಗ್ಯುಅಸ್

ಕಂಟಿಗ್ಯುಅಸ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ಗುಣವಾಚಕ. ‘ಒಂದನ್ನೊಂದು ತಾಗಿಕೊಂಡಿರುವ’, ‘ಎಲ್ಲೆಗೆ ಎಲ್ಲೆ ಕೂಡಿರುವ’, ‘ನಡುವೆ ತೆರಪಿಲ್ಲದೆ ಹೊಂದಿಕೊಂಡಿರುವ’ ಎಂಬುದು ಇದರ ಮುಖ್ಯ ಅರ್ಥ. ‘ಕೂಡಿ ಮುಟ್ಟು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ಈ ಪದವು ಭೂಗೋಳ, ಕಾನೂನು, ತತ್ತ್ವಶಾಸ್ತ್ರ, ಭಾಷಾಶಾಸ್ತ್ರ, ಗಣಕ ವಿಜ್ಞಾನ ಮತ್ತು ಜೀವವಿಜ್ಞಾನಗಳಲ್ಲಿ ಪಾರಿಭಾಷಿಕ ಪದವಾಗಿ ಬಳಕೆಯಲ್ಲಿದೆ. ಕನ್ನಡದಲ್ಲಿ ಇದಕ್ಕೆ ಸಂದರ್ಭಾನುಸಾರ ಹೊಂದಿಕೊಂಡಿರುವ, ತಾಗಿಕೊಂಡಿರುವ, ಒತ್ತಿನ, ಸಂಲಗ್ನ, ಅವ್ಯವಹಿತ ಮೊದಲಾದ ಪದಗಳನ್ನು ಬಳಸಬಹುದು. ನೋಟಕ್ಕೆ ಸಾಮಾನ್ಯ ವಿಶೇಷಣವಾದರೂ, 20ನೆಯ ಶತಮಾನದಲ್ಲಿ ಭಾರತ ಉಪಖಂಡದ ಗಡಿಗಳನ್ನು ಗುರುತಿಸಿದ ದಾಖಲೆಗಳಲ್ಲಿ ಈ ಪದವು ನಿರ್ಣಾಯಕ ಸ್ಥಾನವನ್ನು ಪಡೆದಿತ್ತು.

ಉಚ್ಚಾರಣೆ ಮತ್ತು ರೂಪಗಳು

ಇಂಗ್ಲಿಷಿನಲ್ಲಿ ಈ ಪದಕ್ಕೆ ನಾಲ್ಕು ಉಚ್ಚಾರಾಂಶಗಳಿದ್ದು, ಒತ್ತು ಎರಡನೆಯ ಉಚ್ಚಾರಾಂಶವಾದ ‘ಟಿಗ್’ ಮೇಲೆ ಬೀಳುತ್ತದೆ. ಇದರ ನಾಮಪದ ರೂಪ ‘ಕಂಟಿಗ್ಯುಇಟಿ’. ಇಲ್ಲಿ ಒತ್ತು ‘ಗ್ಯು’ ಕಡೆಗೆ ಸರಿಯುತ್ತದೆ. ಕ್ರಿಯಾವಿಶೇಷಣ ರೂಪ ‘ಕಂಟಿಗ್ಯುಅಸ್ಲಿ’. ವಾಕ್ಯದಲ್ಲಿ ಈ ವಿಶೇಷಣವು ಎರಡು ರೀತಿಯಲ್ಲಿ ಬರುತ್ತದೆ. ಒಂದು ವಸ್ತುವನ್ನು ಇನ್ನೊಂದಕ್ಕೆ ಹೋಲಿಸಿ ‘ಇದು ಅದಕ್ಕೆ ತಾಗಿಕೊಂಡಿದೆ’ ಎನ್ನುವಾಗ ‘ಟು’ ಅಥವಾ ‘ವಿತ್’ ಎಂಬ ಉಪಸರ್ಗ ಅದರ ಮುಂದೆ ಬರುತ್ತದೆ. ಹಲವು ವಸ್ತುಗಳು ಸೇರಿ ಒಂದೇ ಹಾಸಾಗಿವೆ ಎಂದು ಹೇಳುವಾಗ ಅದು ಬಹುವಚನದ ನಾಮಪದಕ್ಕೆ ನೇರವಾಗಿ ಹೊಂದುತ್ತದೆ.

ಅರ್ಥ

ಪದದ ಅರ್ಥವನ್ನು ಮೂರು ಹಂತಗಳಲ್ಲಿ ವಿವರಿಸಬಹುದು.

ಮೊದಲನೆಯದು ಮೂಲಾರ್ಥ. ಎರಡು ವಸ್ತುಗಳ ಅಂಚುಗಳು ಪರಸ್ಪರ ಮುಟ್ಟುತ್ತಿದ್ದರೆ ಅವು ಕಂಟಿಗ್ಯುಅಸ್ ಆಗಿರುತ್ತವೆ. ಒಂದೇ ಬದುವನ್ನು ಹಂಚಿಕೊಂಡ ಎರಡು ಹೊಲಗಳು, ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಮನೆಗಳು ಇದಕ್ಕೆ ಉದಾಹರಣೆ.

ಎರಡನೆಯದು ಸರಣಿಯ ಅರ್ಥ. ಹಲವು ಘಟಕಗಳು ಒಂದರ ಬೆನ್ನಿಗೊಂದು ನಡುವೆ ಬಿಡುವಿಲ್ಲದೆ ಸಾಲುಗೊಂಡಿದ್ದರೆ ಆ ಇಡೀ ಸಾಲಿಗೆ ಈ ವಿಶೇಷಣ ಸಲ್ಲುತ್ತದೆ. ಇಲ್ಲಿ ಪ್ರತಿಯೊಂದು ಘಟಕವೂ ಉಳಿದೆಲ್ಲವನ್ನೂ ಮುಟ್ಟಬೇಕೆಂದಿಲ್ಲ. ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ ಮುಟ್ಟಿದರೆ ಸಾಕು. ಬೀದರ್ ಮತ್ತು ಚಾಮರಾಜನಗರ ಜಿಲ್ಲೆಗಳು ಪರಸ್ಪರ ಬಹುದೂರದಲ್ಲಿದ್ದರೂ, ನಡುವಿನ ಜಿಲ್ಲೆಗಳ ಮೂಲಕ ಒಂದೇ ಸಂಲಗ್ನ ಪ್ರದೇಶದ ಭಾಗಗಳಾಗಿವೆ. ಕಾಲಕ್ಕೂ ಇದೇ ಅರ್ಥ ಅನ್ವಯಿಸುತ್ತದೆ. ಒಂದು ಮುಗಿದೊಡನೆ ಮತ್ತೊಂದು ಆರಂಭವಾಗುವ ಅವಧಿಗಳನ್ನು ಹೀಗೆ ಕರೆಯಬಹುದು.

ಮೂರನೆಯದು ಸಡಿಲಾರ್ಥ. ಮುಟ್ಟದೆ ಕೇವಲ ಹತ್ತಿರವಿರುವ ವಸ್ತುಗಳಿಗೂ ಕೆಲವೊಮ್ಮೆ ಈ ಪದ ಬಳಕೆಯಾಗುತ್ತದೆ. ನಿಘಂಟುಗಳು ಈ ಅರ್ಥವನ್ನೂ ದಾಖಲಿಸುತ್ತವೆ. ಆದರೆ ಕಾನೂನಿನ ಬರಹದಲ್ಲಿ ಮೂಲಾರ್ಥ ಮತ್ತು ಸಡಿಲಾರ್ಥಗಳ ನಡುವಿನ ಅಂತರವೇ ಹಲವು ಬಾರಿ ವಿವಾದದ ವಿಷಯವಾಗುತ್ತದೆ. ಎರಡು ನಿವೇಶನಗಳ ನಡುವೆ ರಸ್ತೆ, ಕಾಲುವೆ ಅಥವಾ ರೈಲುಹಳಿ ಹಾದುಹೋದರೆ ಅವುಗಳನ್ನು ತಾಗಿಕೊಂಡಿರುವ ನಿವೇಶನಗಳೆಂದು ಪರಿಗಣಿಸಬಹುದೇ ಎಂಬುದು ಇಂತಹ ಪ್ರಶ್ನೆ. ಆದ್ದರಿಂದಲೇ ಕಾನೂನಿನ ಕರಡುಗಳಲ್ಲಿ ಪದವನ್ನು ಯಾವ ಅರ್ಥದಲ್ಲಿ ಬಳಸಲಾಗಿದೆ ಎಂಬುದನ್ನು ಪ್ರತ್ಯೇಕವಾಗಿ ವ್ಯಾಖ್ಯಾನಿಸುವ ರೂಢಿಯಿದೆ.

ವ್ಯುತ್ಪತ್ತಿ

ಇಂಗ್ಲಿಷ್ ಪದದ ಮೂಲ ಲ್ಯಾಟಿನ್ ಭಾಷೆಯ ‘ಕೊಂತಿಗುವುಸ್’. ಇದರರ್ಥ ‘ಮುಟ್ಟುತ್ತಿರುವ, ಎಲ್ಲೆ ಹಂಚಿಕೊಂಡಿರುವ’. ಇದು ‘ಕೊಂತಿಂಗೆರೆ’ ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದೆ. ಕ್ರಿಯಾಪದದಲ್ಲಿ ಎರಡು ಭಾಗಗಳಿವೆ: ‘ಕೂಡಿ, ಜೊತೆಗೆ’ ಎಂಬ ಅರ್ಥದ ‘ಕೊನ್’ ಎಂಬ ಪೂರ್ವಪ್ರತ್ಯಯ ಮತ್ತು ‘ಮುಟ್ಟು’ ಎಂಬ ಅರ್ಥದ ‘ತಂಗೆರೆ’. ಸಂಸ್ಕೃತದ ‘ಸಂಸ್ಪರ್ಶ’ ಪದದಲ್ಲಿ ‘ಸಂ’ ಉಪಸರ್ಗವು ಮಾಡುವ ಕೆಲಸವನ್ನೇ ಇಲ್ಲಿ ‘ಕೊನ್’ ಮಾಡುತ್ತದೆ.

‘ತಂಗೆರೆ’ ಎಂಬುದು ‘ಕೊಂತಿಂಗೆರೆ’ ಆದಾಗ ‘ತ’ಕಾರವು ‘ತಿ’ ಆದುದಕ್ಕೆ ಲ್ಯಾಟಿನ್ ಭಾಷೆಯ ಒಂದು ಧ್ವನಿನಿಯಮ ಕಾರಣ. ಆ ಭಾಷೆಯ ಪ್ರಾಚೀನ ಹಂತದಲ್ಲಿ, ಪೂರ್ವಪ್ರತ್ಯಯ ಸೇರಿದಾಗ ಪದದ ನಡುವಿಗೆ ಬಿದ್ದ ಹ್ರಸ್ವ ‘ಅ’ಕಾರವು ದುರ್ಬಲಗೊಂಡು ಬೇರೆ ಸ್ವರವಾಗಿ ಮಾರ್ಪಡುತ್ತಿತ್ತು. ‘ಮಾಡು’ ಎಂಬ ಅರ್ಥದ ‘ಫಕೆರೆ’ಯು ‘ಕೊನ್‌ಫಿಕೆರೆ’ ಆಗುವುದು, ‘ಹಿಡಿ’ ಎಂಬ ಅರ್ಥದ ‘ಕಪೆರೆ’ಯು ‘ಅಕ್ಕಿಪೆರೆ’ ಆಗುವುದು ಇದೇ ನಿಯಮದಿಂದ.

‘ತಂಗೆರೆ’ಯಲ್ಲಿ ಕಾಣುವ ಅನುನಾಸಿಕವು ಧಾತುವಿನ ಭಾಗವಲ್ಲ, ವರ್ತಮಾನ ಕಾಲದ ರೂಪದಲ್ಲಿ ಮಾತ್ರ ನಡುವೆ ಸೇರುವ ಆಗಮ. ಅದೇ ಕ್ರಿಯಾಪದದ ಭೂತರೂಪ ‘ತೆತಿಗೀ’ ಮತ್ತು ಕೃದಂತ ‘ತಕ್ತುಸ್’ಗಳಲ್ಲಿ ಅನುನಾಸಿಕವಿಲ್ಲ. ‘ಕೊಂತಿಗುವುಸ್’ ಸಹ ಈ ಅನುನಾಸಿಕರಹಿತ ಧಾತುವಿನಿಂದಲೇ ಸಾಧಿತವಾಗಿದೆ. ಭಾಷಾಶಾಸ್ತ್ರಜ್ಞರು ಇದರ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವನ್ನು ‘ತಗ್’ ಎಂದು ಪುನಾರಚಿಸುತ್ತಾರೆ. ಕೊನೆಯ ‘ಉವುಸ್’ ಎಂಬುದು ಕ್ರಿಯೆಯಿಂದ ಗುಣವಾಚಕವನ್ನು ಸಾಧಿಸುವ ಪ್ರತ್ಯಯ. ಇಂಗ್ಲಿಷಿನ ಕಾಂಟಿನ್ಯುಅಸ್, ಆಂಬಿಗ್ಯುಅಸ್, ಕನ್‌ಸ್ಪಿಕ್ಯುಅಸ್ ಪದಗಳ ಲ್ಯಾಟಿನ್ ಮೂಲಗಳಲ್ಲಿಯೂ ಇದೇ ಪ್ರತ್ಯಯವಿದೆ. ಇಂಗ್ಲಿಷಿನಲ್ಲಿ ಕಂಟಿಗ್ಯುಅಸ್ ಪದದ ಬಳಕೆ 16ನೆಯ ಶತಮಾನದಿಂದ ಕಂಡುಬರುತ್ತದೆ.

ಕನ್ನಡದ ‘ತಾಗು’, ‘ತಗಲು’ ಪದಗಳಿಗೂ ಲ್ಯಾಟಿನ್ ಮೂಲದ ‘ತಗ್’ ಧಾತುವಿಗೂ ಧ್ವನಿ ಮತ್ತು ಅರ್ಥ ಎರಡರಲ್ಲಿಯೂ ಹೋಲಿಕೆ ಕಾಣುತ್ತದೆ. ಆದರೆ ಇದನ್ನು ನಂಟೆಂದು ಭಾವಿಸಲಾಗದು. ‘ತಾಗು’ ಎಂಬುದು ತಮಿಳಿನ ‘ತಾಕ್ಕು’, ತೆಲುಗಿನ ‘ತಾಕು’ಗಳೊಂದಿಗೆ ಸೇರುವ ದ್ರಾವಿಡ ಪದ. ಬೇರೆ ಬೇರೆ ಕುಟುಂಬಗಳ ಭಾಷೆಗಳಲ್ಲಿ ಇಂತಹ ಆಕಸ್ಮಿಕ ಹೋಲಿಕೆಗಳು ಹಲವು ಇರುತ್ತವೆ. ಕ್ರಮಬದ್ಧ ಧ್ವನಿಸಾಮ್ಯವಿಲ್ಲದೆ ಅವುಗಳಿಂದ ಸಂಬಂಧವನ್ನು ಸ್ಥಾಪಿಸಲಾಗುವುದಿಲ್ಲ. ಹಾಗೆಯೇ, ಇಂಗ್ಲಿಷಿನ ‘ಟಚ್’ ಎಂಬ ಪದವು ಅರ್ಥದಿಂದ ಈ ಗುಂಪಿಗೆ ಸೇರುವಂತೆ ತೋರಿದರೂ ‘ತಂಗೆರೆ’ಯಿಂದ ಬಂದುದಲ್ಲ, ಅದು ಹಳೆಯ ಫ್ರೆಂಚ್ ಮೂಲಕ ಬಂದ ಬೇರೊಂದು ಪದ.

ಅದೇ ಧಾತುವಿನ ಇತರ ಪದಗಳು

‘ತಂಗೆರೆ’ ಧಾತುವಿನಿಂದ ಇಂಗ್ಲಿಷಿಗೆ ಬಂದ ಪದಗಳ ಕುಟುಂಬ ದೊಡ್ಡದು.

ಕಾಂಟ್ಯಾಕ್ಟ್: ಕೂಡಿ ಮುಟ್ಟುವಿಕೆ, ಸಂಪರ್ಕ.

ಟ್ಯಾಂಜಿಬಲ್: ಮುಟ್ಟಿ ನೋಡಬಹುದಾದ, ಮೂರ್ತವಾದ.

ಟ್ಯಾಂಜೆಂಟ್: ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಸರಳರೇಖೆ. ಡೆನ್ಮಾರ್ಕಿನ ಗಣಿತಜ್ಞ ಥಾಮಸ್ ಫಿಂಕೆ 1583ರಲ್ಲಿ ಈ ಪದವನ್ನು ಬಳಕೆಗೆ ತಂದನು. ಕನ್ನಡದ ಗಣಿತ ಪಠ್ಯಗಳ ‘ಸ್ಪರ್ಶಕ’ ಎಂಬ ಪದವೂ ಸ್ಪರ್ಶದ ಕಲ್ಪನೆಯಿಂದಲೇ ರೂಪುಗೊಂಡಿದೆ.

ಇಂಟ್ಯಾಕ್ಟ್: ಯಾವುದೂ ಮುಟ್ಟದ, ಆದ್ದರಿಂದ ಕೆಡದೆ ಉಳಿದ.

ಇಂಟಿಜರ್: ನಿಷೇಧಾರ್ಥದ ‘ಇನ್’ ಮತ್ತು ‘ತಗ್’ ಧಾತು ಸೇರಿ ‘ಮುಟ್ಟದ’ ಎಂಬ ಅರ್ಥವಾಗಿ, ಅಲ್ಲಿಂದ ‘ಇಡಿಯಾದ’ ಎಂಬ ಅರ್ಥ ಬಂದಿತು. ಕನ್ನಡದ ‘ಪೂರ್ಣಾಂಕ’ ಇದಕ್ಕೆ ಸಮಾನ. ಇದೇ ಪದ ಫ್ರೆಂಚ್ ಮೂಲಕ ಬಂದಾಗ ‘ಎಂಟೈರ್’ ಆಯಿತು.

ಕಂಟಿಂಜೆಂಟ್: ಮೊದಲು ‘ಮುಟ್ಟುವ’, ನಂತರ ‘ಒದಗಿಬರುವ’, ಕೊನೆಗೆ ‘ಆಗಬಹುದು ಅಥವಾ ಆಗದಿರಬಹುದು ಎಂಬಂತಹ’.

ಕಂಟೇಜನ್: ಮುಟ್ಟುವುದರಿಂದ ಹರಡುವ ರೋಗ.

ಕೊನೆಯ ಉದಾಹರಣೆ ಕನ್ನಡದ ದೃಷ್ಟಿಯಿಂದ ಗಮನಾರ್ಹ. ಕನ್ನಡದಲ್ಲಿ ‘ಸೋಂಕು’ ಎಂಬುದಕ್ಕೆ ಮೂಲತಃ ‘ಮುಟ್ಟು, ಸ್ಪರ್ಶಿಸು’ ಎಂದರ್ಥ. ಗಾಳಿ ಸೋಕುವುದು, ಮೈ ಸೋಕುವುದು ಎಂಬ ಪ್ರಯೋಗಗಳಲ್ಲಿ ಆ ಅರ್ಥ ಉಳಿದಿದೆ. ಅದೇ ಪದ ಇಂದು ರೋಗ ಹರಡುವಿಕೆಯ ಪಾರಿಭಾಷಿಕ ಪದವಾಗಿದೆ. ‘ಅಂಟು’ ಎಂಬುದರಿಂದ ‘ಅಂಟುರೋಗ’ ಆದುದೂ ಹೀಗೆಯೇ. ಪರಸ್ಪರ ನಂಟಿಲ್ಲದ ಎರಡು ಭಾಷೆಗಳು ಸ್ಪರ್ಶದಿಂದ ರೋಗದವರೆಗಿನ ಒಂದೇ ಅರ್ಥದ ಹಾದಿಯನ್ನು ತಾವಾಗಿಯೇ ಸವೆಸಿರುವುದು ಇಲ್ಲಿ ಕಂಡುಬರುತ್ತದೆ.

ಸಮೀಪಾರ್ಥಕ ಪದಗಳೊಂದಿಗೆ ವ್ಯತ್ಯಾಸ

ಅಡ್ಜೇಸೆಂಟ್: ‘ಬಳಿ’ ಎಂಬ ಅರ್ಥದ ‘ಅದ್’ ಮತ್ತು ‘ಮಲಗಿರು, ಬಿದ್ದಿರು’ ಎಂಬ ಅರ್ಥದ ‘ಯಕೇರೆ’ ಸೇರಿ ಆದ ಪದ. ಪಕ್ಕದಲ್ಲಿರುವುದು ಎಂದಷ್ಟೇ ಇದರ ಅರ್ಥ; ಮುಟ್ಟಲೇಬೇಕೆಂಬ ನಿಯಮವಿಲ್ಲ. ಆದರೆ ಅದೇ ಬಗೆಯ ಮತ್ತೊಂದು ವಸ್ತು ನಡುವೆ ಇರಬಾರದು. ಎರಡು ಮನೆಗಳ ನಡುವೆ ಓಣಿಯಿದ್ದರೂ ಅವು ಅಡ್ಜೇಸೆಂಟ್ ಆಗಬಹುದು. ಕಟ್ಟುನಿಟ್ಟಾದ ಅರ್ಥದಲ್ಲಿ ಕಂಟಿಗ್ಯುಅಸ್ ಆಗಲಾರವು. ರೇಖಾಗಣಿತದಲ್ಲಿ ಮಾತ್ರ ಈ ಪದಕ್ಕೆ ಬಿಗಿಯಾದ ಅರ್ಥವಿದೆ. ಒಂದೇ ಶೃಂಗವನ್ನೂ ಒಂದು ಸಾಮಾನ್ಯ ಬಾಹುವನ್ನೂ ಹೊಂದಿದ, ಒಂದರ ಮೇಲೊಂದು ಬೀಳದ ಕೋನಗಳನ್ನು ಹೀಗೆ ಕರೆಯುತ್ತಾರೆ. ಕನ್ನಡದಲ್ಲಿ ಇವು ‘ಪಾರ್ಶ್ವಕೋನಗಳು’.

ಅಡ್ಜಾಯ್ನಿಂಗ್: ‘ಜೋಡಿಸು, ನೊಗ ಹೂಡು’ ಎಂಬ ಅರ್ಥದ ‘ಯುಂಗೆರೆ’ ಮೂಲದ ಪದ. ಸಂಸ್ಕೃತದ ‘ಯುಜ್’ ಧಾತು ಮತ್ತು ‘ಯೋಗ’ ಪದ ಇದರ ನಿಜವಾದ ಬಂಧುಗಳು. ಒಂದು ರೇಖೆ ಅಥವಾ ಬಿಂದುವಿನಲ್ಲಿ ಕೂಡಿಕೊಂಡಿರುವುದನ್ನು ಇದು ಸೂಚಿಸುತ್ತದೆ.

ಕಂಟರ್ಮಿನಸ್: ‘ಎಲ್ಲೆಕಲ್ಲು’ ಎಂಬ ಅರ್ಥದ ‘ತೆರ್ಮಿನುಸ್’ನಿಂದ ಬಂದ ಪದ. ರೋಮನ್ನರಲ್ಲಿ ತೆರ್ಮಿನುಸ್ ಎಂಬುದು ಎಲ್ಲೆಕಲ್ಲುಗಳ ಅಧಿದೇವತೆಯ ಹೆಸರೂ ಆಗಿತ್ತು. ಸಾಮಾನ್ಯ ಗಡಿಯುಳ್ಳ ಎಂಬುದು ಈ ಪದದ ಅರ್ಥ.

ಕಾಂಟಿನ್ಯುಅಸ್: ಇದು ‘ಹಿಡಿ’ ಎಂಬ ಅರ್ಥದ ‘ತೆನೇರೆ’ ಮೂಲದ್ದು. ಕಾಂಟಿನ್ಯುಅಸ್ ಆದುದರಲ್ಲಿ ಒಳಗೆ ಎಲ್ಲೆಯೇ ಇರುವುದಿಲ್ಲ; ಅದು ಅಖಂಡ. ಕಂಟಿಗ್ಯುಅಸ್ ಆದವುಗಳಲ್ಲಿ ಎಲ್ಲೆ ಇದ್ದೇ ಇರುತ್ತದೆ. ಎಲ್ಲೆಯ ಮೇಲೆಯೇ ಅವು ಸಂಧಿಸುತ್ತವೆ. ಹರಿಯುವ ನದಿ ಅಖಂಡವಾದುದು. ಅದರ ದಡದಲ್ಲಿ ಬದುವಿಗೆ ಬದು ಕೂಡಿದ ಗದ್ದೆಗಳ ಸಾಲು ಸಂಲಗ್ನವಾದುದು.

ತತ್ತ್ವಶಾಸ್ತ್ರ ಮತ್ತು ಭಾಷಾಶಾಸ್ತ್ರದಲ್ಲಿ

ಮೇಲಿನ ವ್ಯತ್ಯಾಸವನ್ನು ಮೊದಲು ಕ್ರಮಬದ್ಧವಾಗಿ ನಿರೂಪಿಸಿದವನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್. ಅವನ ‘ಫಿಸಿಕ್ಸ್’ ಕೃತಿಯ ಐದನೆಯ ಭಾಗದಲ್ಲಿ ಕ್ರಮಾಗತ, ಸಂಲಗ್ನ ಮತ್ತು ಅಖಂಡ ಎಂಬ ಮೂರು ಸಂಬಂಧಗಳ ವಿವೇಚನೆಯಿದೆ. ನಡುವೆ ತನ್ನದೇ ಬಗೆಯ ಬೇರೊಂದಿಲ್ಲದೆ ಮುಂದಿನದು ಬಂದರೆ ಅದು ಕ್ರಮಾಗತ. ಹಾಗೆ ಬಂದದ್ದು ಹಿಂದಿನದನ್ನು ಮುಟ್ಟುತ್ತಲೂ ಇದ್ದರೆ ಸಂಲಗ್ನ. ಮುಟ್ಟುವ ಎರಡು ಅಂಚುಗಳು ಬೆಸೆದು ಒಂದೇ ಆದರೆ ಅಖಂಡ. ಹೀಗೆ ಸಂಲಗ್ನತೆಯು ಕ್ರಮಕ್ಕಿಂತ ಹೆಚ್ಚಿನದು, ಐಕ್ಯಕ್ಕಿಂತ ಕಡಿಮೆಯದು.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1739–40ರಲ್ಲಿ ಪ್ರಕಟವಾದ ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ ಗ್ರಂಥದಲ್ಲಿ, ಮನಸ್ಸು ಒಂದು ಭಾವದಿಂದ ಇನ್ನೊಂದಕ್ಕೆ ಸಾಗುವ ಮೂರು ಮಾರ್ಗಗಳನ್ನು ಹೇಳಿದನು: ಸಾದೃಶ್ಯ, ದೇಶಕಾಲಗಳ ಸಂಲಗ್ನತೆ ಮತ್ತು ಕಾರ್ಯಕಾರಣಭಾವ. ಮನೆಯ ಒಂದು ಕೋಣೆಯನ್ನು ನೆನೆದೊಡನೆ ಪಕ್ಕದ ಕೋಣೆ ನೆನಪಾಗುವುದು ಎರಡನೆಯ ಮಾರ್ಗಕ್ಕೆ ನಿದರ್ಶನ.

ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್‌ಸನ್ 1956ರಲ್ಲಿ ಈ ವಿಭಾಗವನ್ನು ಅಲಂಕಾರಗಳಿಗೆ ಅನ್ವಯಿಸಿದನು. ಅವನ ಪ್ರಕಾರ ರೂಪಕವು ಸಾದೃಶ್ಯವನ್ನೂ, ‘ಮೆಟಾನಮಿ’ಯು ಸಂಲಗ್ನತೆಯನ್ನೂ ಆಧರಿಸಿದೆ. ಭಾರತೀಯ ಅರ್ಥಮೀಮಾಂಸೆಯಲ್ಲಿ ಲಕ್ಷಣಾವೃತ್ತಿಗೆ ಕೊಡುವ ಪ್ರಸಿದ್ಧ ಉದಾಹರಣೆಯು ಇದಕ್ಕೆ ಬಹಳ ಹತ್ತಿರವಾಗಿದೆ. ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’ ಎಂದಾಗ ಹಳ್ಳಿಯು ನೀರಿನ ಮೇಲಿರಲಾರದು. ಆದ್ದರಿಂದ ಗಂಗೆ ಎಂಬ ಪದವು ತನಗೆ ತಾಗಿಕೊಂಡಿರುವ ದಡವನ್ನು ಸೂಚಿಸುತ್ತದೆ.

ವಾಕ್ಯಾರ್ಥದ ವಿಚಾರದಲ್ಲಿಯೂ ಭಾರತೀಯ ಶಾಸ್ತ್ರಗಳು ಈ ಕಲ್ಪನೆಗೆ ಸ್ಥಾನ ಕೊಟ್ಟಿವೆ. ಪದಗಳು ಸೇರಿ ವಾಕ್ಯಾರ್ಥವನ್ನು ಕೊಡಲು ಆಕಾಂಕ್ಷೆ, ಯೋಗ್ಯತೆ ಮತ್ತು ಸನ್ನಿಧಿ ಎಂಬ ಮೂರು ನಿಮಿತ್ತಗಳನ್ನು ನೈಯಾಯಿಕರು ಹೇಳುತ್ತಾರೆ. ಸನ್ನಿಧಿ ಎಂದರೆ ಪದಗಳನ್ನು ವಿಳಂಬವಿಲ್ಲದೆ ಒಂದರ ಬೆನ್ನಿಗೊಂದು ಉಚ್ಚರಿಸುವುದು. ಒಂದು ಪದವನ್ನು ಬೆಳಿಗ್ಗೆಯೂ ಮತ್ತೊಂದನ್ನು ಸಂಜೆಯೂ ಹೇಳಿದರೆ ವಾಕ್ಯವಾಗದು. ಪಾಣಿನಿಯು ವರ್ಣಗಳ ಅತಿಶಯವಾದ ಸಾಮೀಪ್ಯಕ್ಕೆ ‘ಸಂಹಿತಾ’ ಎಂಬ ಸಂಜ್ಞೆಯನ್ನು ಕೊಟ್ಟಿದ್ದಾನೆ. ಸಂಧಿಕಾರ್ಯಗಳು ನಡೆಯುವುದು ಆ ಸಾಮೀಪ್ಯವಿದ್ದಾಗಲೇ.

ಭೂಗೋಳದಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ 50 ರಾಜ್ಯಗಳ ಪೈಕಿ ಅಲಾಸ್ಕಾ ಮತ್ತು ಹವಾಯಿಗಳನ್ನು ಬಿಟ್ಟು ಉಳಿದ 48 ರಾಜ್ಯಗಳು ಹಾಗೂ ರಾಜಧಾನಿ ಪ್ರದೇಶವನ್ನು ‘ಕಂಟಿಗ್ಯುಅಸ್ ಯುನೈಟೆಡ್ ಸ್ಟೇಟ್ಸ್’ ಎಂದು ಕರೆಯುತ್ತಾರೆ. ಅಲಾಸ್ಕಾ ಮತ್ತು ಹವಾಯಿಗಳು 1959ರಲ್ಲಿ ರಾಜ್ಯಗಳಾದವು. ಅಲಾಸ್ಕಾ ಉತ್ತರ ಅಮೆರಿಕ ಖಂಡದಲ್ಲಿಯೇ ಇದ್ದರೂ ನಡುವೆ ಕೆನಡಾ ಇರುವುದರಿಂದ ಉಳಿದ ರಾಜ್ಯಗಳಿಗೆ ತಾಗಿಕೊಂಡಿಲ್ಲ. ಆದ್ದರಿಂದ ‘ಖಂಡದೊಳಗಿನ’ ಎಂಬ ವಿಶೇಷಣಕ್ಕಿಂತ ‘ಸಂಲಗ್ನ’ ಎಂಬ ವಿಶೇಷಣವೇ ಇಲ್ಲಿ ನಿಖರ.

ಭಾರತದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ಪುದುಚೇರಿ ಕೇಂದ್ರಾಡಳಿತ ಪ್ರದೇಶ. ಅದರ ನಾಲ್ಕು ಭಾಗಗಳಲ್ಲಿ ಪುದುಚೇರಿ ಮತ್ತು ಕಾರೈಕಲ್ ತಮಿಳುನಾಡಿನ ಪಕ್ಕದಲ್ಲಿಯೂ, ಯಾನಂ ಆಂಧ್ರಪ್ರದೇಶದ ಪಕ್ಕದಲ್ಲಿಯೂ, ಮಾಹೆ ಕೇರಳದ ಪಕ್ಕದಲ್ಲಿಯೂ ಇವೆ. ಫ್ರೆಂಚರ ಹಳೆಯ ನೆಲೆಗಳೆಂಬ ಇತಿಹಾಸವೇ ಅವುಗಳನ್ನು ಕೂಡಿಸಿದೆ, ನೆಲ ಕೂಡಿಸಿಲ್ಲ.

ಎರಡು ಪ್ರದೇಶಗಳು ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟಿದರೆ ಅವುಗಳನ್ನು ಸಂಲಗ್ನ ಎನ್ನಬಹುದೇ ಎಂಬ ಪ್ರಶ್ನೆಯಿದೆ. ಅಮೆರಿಕದ ಯೂಟಾ, ಕೊಲರಾಡೊ, ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಪ್ರಾದೇಶಿಕ ಸಂಖ್ಯಾಶಾಸ್ತ್ರದಲ್ಲಿ ಈ ಪ್ರಶ್ನೆಯನ್ನು ಚದುರಂಗದ ಭಾಷೆಯಲ್ಲಿ ಬಗೆಹರಿಸಲಾಗಿದೆ. ಗಡಿರೇಖೆ ಹಂಚಿಕೊಂಡವುಗಳನ್ನು ಮಾತ್ರ ಎಣಿಸುವುದು ‘ರೂಕ್’ ಅಥವಾ ಆನೆಯ ಕ್ರಮ. ಮೂಲೆ ತಾಗುವವುಗಳನ್ನೂ ಎಣಿಸುವುದು ‘ಕ್ವೀನ್’ ಅಥವಾ ರಾಣಿಯ ಕ್ರಮ. ಯಾವ ಕ್ರಮವನ್ನು ಆರಿಸಿಕೊಂಡರೆಂಬುದರ ಮೇಲೆ ನೆರೆಹೊರೆಯ ಎಣಿಕೆಯೂ ಫಲಿತಾಂಶವೂ ಬದಲಾಗುತ್ತವೆ.

ಗಡಿ ನಿರ್ಣಯದಲ್ಲಿ

1940ರ ಮಾರ್ಚ್‌ನಲ್ಲಿ ಮುಸ್ಲಿಂ ಲೀಗ್ ಅಂಗೀಕರಿಸಿದ ಲಾಹೋರ್ ನಿರ್ಣಯವು ಭೌಗೋಳಿಕವಾಗಿ ಸಂಲಗ್ನವಾದ ಘಟಕಗಳನ್ನು ಪ್ರದೇಶಗಳಾಗಿ ಗುರುತಿಸಬೇಕೆಂದು ಕೇಳಿತ್ತು. 1947ರಲ್ಲಿ ಪಂಜಾಬ್ ಮತ್ತು ಬಂಗಾಳಗಳ ವಿಭಜನೆಗಾಗಿ ಸರ್ ಸಿರಿಲ್ ರ‍್ಯಾಡ್‌ಕ್ಲಿಫ್ ಅಧ್ಯಕ್ಷತೆಯಲ್ಲಿ ನೇಮಕವಾದ ಗಡಿ ಆಯೋಗಗಳ ಕಾರ್ಯಸೂಚಿಯಲ್ಲಿಯೂ ಇದೇ ಪದವಿತ್ತು. ಮುಸ್ಲಿಮರು ಮತ್ತು ಮುಸ್ಲಿಮೇತರರು ಬಹುಸಂಖ್ಯಾತರಾಗಿರುವ ಸಂಲಗ್ನ ಪ್ರದೇಶಗಳನ್ನು ಕಂಡುಕೊಂಡು, ‘ಇತರ ಅಂಶ’ಗಳನ್ನೂ ಗಮನಿಸಿ ಗಡಿ ಗುರುತಿಸಬೇಕೆಂಬುದು ಆಯೋಗಗಳಿಗೆ ಒಪ್ಪಿಸಿದ ಕೆಲಸ.

ಆದರೆ ಸಂಲಗ್ನತೆಯನ್ನು ಅಳೆಯಲು ಯಾವ ಘಟಕವನ್ನು ಹಿಡಿಯಬೇಕು, ಜಿಲ್ಲೆಯನ್ನೇ, ತಹಸೀಲನ್ನೇ, ಗ್ರಾಮವನ್ನೇ ಎಂಬುದನ್ನು ಕಾರ್ಯಸೂಚಿ ಹೇಳಿರಲಿಲ್ಲ. ಘಟಕ ಬದಲಾದರೆ ಗಡಿಯೂ ಬದಲಾಗುತ್ತದೆ. ಜಿಲ್ಲೆಯಾಗಿ ಅಲ್ಪ ಅಂತರದ ಮುಸ್ಲಿಂ ಬಹುಮತವಿದ್ದ ಗುರುದಾಸಪುರದ ನಾಲ್ಕು ತಹಸೀಲುಗಳಲ್ಲಿ ಮೂರು ಭಾರತಕ್ಕೂ, ಶಕರ್‌ಗಢ ತಹಸೀಲು ಪಾಕಿಸ್ತಾನಕ್ಕೂ ಸೇರಿದವು. ಬಂಗಾಳದಲ್ಲಿ ಮುಸ್ಲಿಂ ಬಹುಮತದ ಮುರ್ಷಿದಾಬಾದ್ ಭಾರತಕ್ಕೂ, ಖುಲ್ನಾ ಪಾಕಿಸ್ತಾನಕ್ಕೂ ಹೋದವು. ಜುಲೈ 8ರಂದು ಭಾರತಕ್ಕೆ ಬಂದ ರ‍್ಯಾಡ್‌ಕ್ಲಿಫ್‌ಗೆ ದೊರೆತುದು ಸುಮಾರು ಐದು ವಾರ. ತೀರ್ಪು ಪ್ರಕಟವಾದದ್ದು ಸ್ವಾತಂತ್ರ್ಯದ ಎರಡು ದಿನಗಳ ನಂತರ, ಆಗಸ್ಟ್ 17ರಂದು. ಗಡಿಯ ಸಮೀಪದ ಜನರಿಗೆ ತಮ್ಮ ಊರು ಯಾವುದಕ್ಕೆ ತಾಗಿದೆ ಎಂಬುದು ದೇಶದ ಪ್ರಶ್ನೆಯಾಗಿ, ಹಲವರಿಗೆ ಪ್ರಾಣದ ಪ್ರಶ್ನೆಯೂ ಆಯಿತು. ಸಂಲಗ್ನತೆಯ ತತ್ತ್ವದಿಂದ ರೂಪುಗೊಂಡ ಪಾಕಿಸ್ತಾನವು ತಾನೇ ಸಂಲಗ್ನವಾಗಿರಲಿಲ್ಲ. ಅದರ ಪೂರ್ವ ಮತ್ತು ಪಶ್ಚಿಮ ಭಾಗಗಳ ನಡುವೆ ಸುಮಾರು 1,600 ಕಿಲೋಮೀಟರ್ ಅಂತರವಿತ್ತು. 1971ರಲ್ಲಿ ಪೂರ್ವ ಭಾಗ ಬಾಂಗ್ಲಾದೇಶವಾಯಿತು.

ಸ್ವತಂತ್ರ ಭಾರತದಲ್ಲಿ ಭಾಷಾವಾರು ರಾಜ್ಯಗಳ ಗಡಿಗಳನ್ನು ನಿರ್ಣಯಿಸುವಾಗ ಇದೇ ಕಲ್ಪನೆ ಮರಳಿ ಬಂದಿತು. ಆಂಧ್ರ ಮತ್ತು ಮದ್ರಾಸ್ ರಾಜ್ಯಗಳ ನಡುವಿನ ವಿವಾದದಲ್ಲಿ ಎಚ್. ವಿ. ಪಾಟಸ್ಕರ್ ಅವರು ಗ್ರಾಮವನ್ನು ಘಟಕವಾಗಿಟ್ಟುಕೊಂಡು ಭಾಷಾ ಬಹುಮತ ಮತ್ತು ಭೌಗೋಳಿಕ ಸಂಲಗ್ನತೆಗಳನ್ನು ಆಧಾರವಾಗಿ ಬಳಸಿದರು. ಬೆಳಗಾವಿ ಗಡಿ ವಿವಾದದಲ್ಲಿ ಮಹಾರಾಷ್ಟ್ರವು ಇದೇ ತತ್ತ್ವಗಳನ್ನು ಅನ್ವಯಿಸಬೇಕೆಂದು ವಾದಿಸಿತು. 1966ರಲ್ಲಿ ನೇಮಕವಾದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವು 1967ರಲ್ಲಿ ವರದಿ ಸಲ್ಲಿಸಿ, ಬೆಳಗಾವಿ ನಗರವು ಆಗಿನ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದೂ, ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರದ ಪ್ರದೇಶ ಮೈಸೂರಿಗೆ ಸೇರಬೇಕೆಂದೂ ಶಿಫಾರಸು ಮಾಡಿತು. ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ಕಾಸರಗೋಡು ಕೇರಳದಲ್ಲಿಯೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು.

ಸಂಲಗ್ನತೆ ಇಲ್ಲದಿದ್ದರೆ ಜನಜೀವನಕ್ಕೆ ಆಗುವ ತೊಂದರೆಗೆ ಭಾರತ–ಬಾಂಗ್ಲಾದೇಶ ಗಡಿಯ ‘ಛಿಟ್‌ಮಹಲ್’ಗಳು ಸಾಕ್ಷಿ. ಬಾಂಗ್ಲಾದೇಶದೊಳಗೆ ಭಾರತದ 111 ಮತ್ತು ಭಾರತದೊಳಗೆ ಬಾಂಗ್ಲಾದೇಶದ 51 ನೆಲತುಣುಕುಗಳಿದ್ದವು. ಅಲ್ಲಿಯ ನಿವಾಸಿಗಳು ತಮ್ಮ ದೇಶದ ಕಚೇರಿಗೋ ಆಸ್ಪತ್ರೆಗೋ ಹೋಗಲು ಪರದೇಶದ ನೆಲವನ್ನು ದಾಟಬೇಕಿತ್ತು. 2015ರ ಜುಲೈ 31ರ ಮಧ್ಯರಾತ್ರಿ ಇವುಗಳ ವಿನಿಮಯ ಜಾರಿಗೆ ಬಂದಿತು. ದಹಗ್ರಾಮ–ಅಂಗರ್‌ಪೋತಾ ಎಂಬ ಬಾಂಗ್ಲಾದೇಶದ ಭಾಗವನ್ನು ಮಾತ್ರ ಉಳಿಸಿಕೊಳ್ಳಲಾಗಿದ್ದು, 1992ರಲ್ಲಿ ತೆರೆದ ‘ತೀನ್ ಬಿಘಾ’ ಎಂಬ ಕಿರಿದಾದ ಹಾದಿ ಅದನ್ನು ಅದರ ದೇಶಕ್ಕೆ ಕೂಡಿಸುತ್ತದೆ.

ಸಮುದ್ರ ಕಾನೂನಿನಲ್ಲಿ

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಡಂಬಡಿಕೆಯ 33ನೆಯ ವಿಧಿಯು ‘ಕಂಟಿಗ್ಯುಅಸ್ ಝೋನ್’ ಎಂಬ ವಲಯವನ್ನು ನಿರೂಪಿಸುತ್ತದೆ. ಕರಾವಳಿಯ ಆಧಾರರೇಖೆಯಿಂದ 12 ನಾವಿಕ ಮೈಲಿಗಳವರೆಗೆ (ಸುಮಾರು 22 ಕಿ.ಮೀ.) ರಾಷ್ಟ್ರದ ಪ್ರಾದೇಶಿಕ ಸಮುದ್ರವಿರಬಹುದು. ಅದಕ್ಕೆ ತಾಗಿಕೊಂಡು, ಆಧಾರರೇಖೆಯಿಂದ 24 ನಾವಿಕ ಮೈಲಿಗಳನ್ನು (ಸುಮಾರು 44 ಕಿ.ಮೀ.) ಮೀರದಂತೆ ಇರುವ ಪಟ್ಟಿಯೇ ಸಂಲಗ್ನ ವಲಯ. ಇಲ್ಲಿ ರಾಷ್ಟ್ರಕ್ಕೆ ಪೂರ್ಣ ಸಾರ್ವಭೌಮತ್ವವಿಲ್ಲ. ಸುಂಕ, ತೆರಿಗೆ, ವಲಸೆ ಮತ್ತು ನೈರ್ಮಲ್ಯ ಸಂಬಂಧಿ ಕಾನೂನುಗಳ ಉಲ್ಲಂಘನೆಯನ್ನು ತಡೆಯುವ ಮತ್ತು ತನ್ನ ನೆಲದಲ್ಲಿ ಅಥವಾ ಪ್ರಾದೇಶಿಕ ಸಮುದ್ರದಲ್ಲಿ ಆದ ಉಲ್ಲಂಘನೆಯನ್ನು ಶಿಕ್ಷಿಸುವ ಅಧಿಕಾರ ಮಾತ್ರ ಇದೆ. ಭಾರತವು 1976ರ ಸಮುದ್ರ ವಲಯಗಳ ಅಧಿನಿಯಮದಲ್ಲಿಯೇ 24 ನಾವಿಕ ಮೈಲಿಗಳ ಈ ವಲಯವನ್ನು ಅಂಗೀಕರಿಸಿತ್ತು.

ಗಣಕ ಮತ್ತು ಜೀವವಿಜ್ಞಾನದಲ್ಲಿ

ಗಣಕದ ಸ್ಮೃತಿಯಲ್ಲಿ ಒಂದರ ಪಕ್ಕದಲ್ಲೊಂದಿರುವ ಕೋಶಗಳಲ್ಲಿ ದತ್ತಾಂಶವನ್ನು ಇರಿಸುವುದನ್ನು ಸಂಲಗ್ನ ಹಂಚಿಕೆ ಎನ್ನುತ್ತಾರೆ. ‘ಅರೇ’ ಎಂಬ ದತ್ತರಚನೆ ಹೀಗಿರುತ್ತದೆ. ಮೊದಲ ಅಂಶದ ವಿಳಾಸ ಮತ್ತು ಪ್ರತಿ ಅಂಶದ ಗಾತ್ರ ತಿಳಿದಿದ್ದರೆ ಬೇಕಾದ ಅಂಶದ ವಿಳಾಸವನ್ನು ಒಂದು ಗುಣಾಕಾರ ಮತ್ತು ಒಂದು ಸಂಕಲನದಿಂದ ಪಡೆಯಬಹುದು. ಮೊದಲ ಅಂಶ 1000ನೆಯ ವಿಳಾಸದಲ್ಲಿದ್ದು ಪ್ರತಿ ಅಂಶಕ್ಕೆ 4 ಬೈಟ್ ಬೇಕಾದರೆ, ಸೊನ್ನೆಯಿಂದ ಎಣಿಸಿದಾಗ 7ನೆಯ ಅಂಶ 1028ರಲ್ಲಿರುತ್ತದೆ. ‘ಲಿಂಕ್ಡ್ ಲಿಸ್ಟ್’ನಲ್ಲಿ ಅಂಶಗಳು ಚದುರಿರುವುದರಿಂದ ಈ ಅನುಕೂಲವಿಲ್ಲ, ಒಂದೊಂದನ್ನೇ ಹಿಡಿದು ಸಾಗಬೇಕು. ಆದರೆ ಸಂಲಗ್ನ ಹಂಚಿಕೆಗೂ ಮಿತಿಯಿದೆ. ಒಟ್ಟಾರೆ ಸಾಕಷ್ಟು ಸ್ಮೃತಿ ಖಾಲಿಯಿದ್ದರೂ ಅದು ತುಣುಕು ತುಣುಕಾಗಿದ್ದರೆ ದೊಡ್ಡ ದತ್ತಾಂಶಕ್ಕೆ ಜಾಗ ಸಿಗದು.

ವಂಶವಾಹಿ ಸಂಶೋಧನೆಯಲ್ಲಿ ಬಳಸುವ ‘ಕಾಂಟಿಗ್’ ಎಂಬ ಪದವು ಇದೇ ವಿಶೇಷಣದ ಮೊಟಕು ರೂಪ. ಡಿಎನ್‌ಎಯನ್ನು ಸಣ್ಣ ತುಣುಕುಗಳಾಗಿ ಓದಿ, ಅವುಗಳ ಅಂಚುಗಳ ಹೊಂದಿಕೆಯಿಂದ ಮರುಜೋಡಿಸಿದ ತೆರಪಿಲ್ಲದ ಸರಣಿಗೆ ರಾಜರ್ ಸ್ಟೇಡನ್ 1980ರಲ್ಲಿ ಈ ಹೆಸರನ್ನಿಟ್ಟರು.

ಪರಿಸರ ವಿಜ್ಞಾನದಲ್ಲಿ ಅರಣ್ಯಗಳ ಸಂಲಗ್ನತೆಗೆ ವಿಶೇಷ ಮಹತ್ವವಿದೆ. ನಾಗರಹೊಳೆ, ಬಂಡೀಪುರ, ಮುದುಮಲೈ ಮತ್ತು ವಯನಾಡು ಅರಣ್ಯಗಳು ಮೂರು ರಾಜ್ಯಗಳಿಗೆ ಸೇರಿದ್ದರೂ ಒಂದಕ್ಕೊಂದು ಹೊಂದಿಕೊಂಡಿದ್ದು, 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಭಾಗಗಳಾಗಿವೆ. ಆನೆಗಳಿಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಕಾಡು ಕಡಿದುಹೋದ ಜಾಗವೇ ಅವುಗಳ ನಿಜವಾದ ಗಡಿ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರವನ್ನು ನಿರ್ಬಂಧಿಸಿರುವುದು, ನಕ್ಷೆಯಲ್ಲಿ ಕಾಣುವ ಸಂಲಗ್ನತೆಯನ್ನು ನೆಲದ ಮೇಲೆಯೂ ಉಳಿಸುವ ಕ್ರಮ.

ಕನ್ನಡದಲ್ಲಿ ಸಮಾನ ಪದಗಳು

ಈ ಪದದ ಎಲ್ಲ ಅರ್ಥಚ್ಛಾಯೆಗಳಿಗೂ ಹೊಂದುವ ಒಂದೇ ಪದ ಕನ್ನಡದಲ್ಲಿಲ್ಲ. ‘ಪಕ್ಕದ’, ‘ನೆರೆಯ’ ಎಂಬುವು ಅಡ್ಜೇಸೆಂಟ್‌ಗೆ ಹತ್ತಿರ. ಅವುಗಳಲ್ಲಿ ಸ್ಪರ್ಶದ ಖಚಿತತೆಯಿಲ್ಲ. ‘ತಾಗಿಕೊಂಡಿರುವ’, ‘ಹೊಂದಿಕೊಂಡಿರುವ’ ಎಂಬುವು ಮೂಲಾರ್ಥವನ್ನು ಸರಿಯಾಗಿ ತಿಳಿಸುತ್ತವೆ. ಶಾಸ್ತ್ರೀಯ ಬರಹಕ್ಕೆ ‘ಸಂಲಗ್ನ’ವೂ, ನಡುವೆ ಏನೂ ಇಲ್ಲವೆಂಬುದನ್ನು ಒತ್ತಿ ಹೇಳಲು ‘ಅವ್ಯವಹಿತ’ವೂ ತಕ್ಕವು. ‘ಅವಿಚ್ಛಿನ್ನ’, ‘ಅಖಂಡ’ ಪದಗಳು ಕಾಂಟಿನ್ಯುಅಸ್ ಎಂಬುದಕ್ಕೆ ಸಲ್ಲುವುದರಿಂದ ಅವುಗಳನ್ನು ಇಲ್ಲಿ ಬಳಸದಿರುವುದು ಉಚಿತ.

ಆಡುಮಾತಿನ ‘ಒತ್ತು’ ಎಂಬ ಪದ ವಿಶೇಷವಾದುದು. ‘ಒತ್ತಿನ ಹೊಲ’, ‘ಒತ್ತಿನ ಮನೆ’ ಎಂದರೆ ಎಲ್ಲೆ ಹಂಚಿಕೊಂಡ ಹೊಲ, ಮನೆ. ಅಕ್ಷರಕ್ಕೆ ತಾಗಿಸಿ ಬರೆಯುವುದು ‘ಒತ್ತಕ್ಷರ’. ಪಕ್ಕದ ನೆಲವನ್ನು ಎಲ್ಲೆ ಮೀರಿ ಸೇರಿಸಿಕೊಳ್ಳುವುದು ‘ಒತ್ತುವರಿ’. ಜಮೀನಿನ ಕ್ರಯಪತ್ರಗಳಲ್ಲಿ ನಾಲ್ಕು ದಿಕ್ಕುಗಳಿಗೆ ತಾಗಿಕೊಂಡಿರುವ ಸ್ವತ್ತುಗಳನ್ನು ನಮೂದಿಸುವ ‘ಚಕ್ಕುಬಂದಿ’ಯು ಸಂಲಗ್ನತೆಯ ಕಲ್ಪನೆ ನಿತ್ಯಜೀವನದಲ್ಲಿ ಬಳಕೆಯಾಗುವ ಬಗೆಗೆ ಸ್ಪಷ್ಟ ನಿದರ್ಶನ. ಅಲ್ಲಿ ಒಂದು ಜಮೀನನ್ನು ಗುರುತಿಸುವುದು ಅದು ಯಾವುದನ್ನು ಮುಟ್ಟುತ್ತಿದೆ ಎಂಬುದರಿಂದ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ ಎಂಬ ಎರಡು ಮಾತು ಅದಲುಬದಲಾದರೂ ಹಕ್ಕಿನ ವಿವಾದ ನ್ಯಾಯಾಲಯದ ಮೆಟ್ಟಿಲೇರಬಹುದು.